ಟೇಪಿನ ಕೆಳಗಿದ್ದ ಬಣ್ಣ

"ಎಲ್ಲೋ ಒಂದ್ಕಡೆ ಬಿಟ್ಟೇ ಇರ್ತಾರೆ. ಇರ್ಲೇಬೇಕು," ಎಂದು ಗೊಣಗುತ್ತಾ, ಗಾಡಿಗೆ ಬಣ್ಣ ಹೊಡೆಯಲು ಬಂದಿದ್ದ ಬಣ್ಣದ ಮಾಮ ಟಾರ್ಚ್ ಹಿಡಿದು ಎಂಜಿನ್ನಿನ ಸುತ್ತ ಮೂರನೇ ಸಲ ಬಂದರು.

ಶೆಡ್ಡಿನ ನಡುವೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಎಂಜಿನ್ ಕೂತಿತ್ತು. ಪಕ್ಕದಲ್ಲೇ ಹಳೆಯ ಕಾರು ಬಾನೆಟ್ ಇಲ್ಲದೆ ಬಾಯಿ ತೆರೆದುಕೊಂಡು ನಿಂತಿತ್ತು. ಮೂಲೆಯ ಸ್ಟೂಲಿನ ಮೇಲೆ ಬೋಲ್ಟು ಕಾಲಾಡಿಸುತ್ತಿದ್ದಳು. ಸ್ಕೂಲಿನಲ್ಲಿ ಅವಳಿಗೆ ಬೇರೆ ಹೆಸರಿತ್ತು. ಆದರೆ ಗಿಡ್ಡಗೆ, ಗಟ್ಟಿಮುಟ್ಟಾಗಿ ಇದ್ದಾಳೆಂದು ತಾತ ಇಟ್ಟ ಹೆಸರೇ ಮನೆಯಲ್ಲಿ ನಿಂತುಬಿಟ್ಟಿತ್ತು. ಹೆಸರಿಟ್ಟ ತಾತ ಮಾತ್ರ ಈಗ ಇರಲಿಲ್ಲ. ಅವರು ಹೋಗಿ ಎರಡು ತಿಂಗಳಾಗಿತ್ತು.

"ಏನ್ ಹುಡುಕ್ತಿದ್ದೀರಿ?" ಅಪ್ಪ ಕೇಳಿದರು.

"ಹಳೇ ಗಾಡಿ ಸರಿಮಾಡೋರು ಎಂಜಿನ್ ಪೂರ್ತಿ ಉಜ್ಜಲ್ಲ ಸಾರ್. ಗಾಡಿ ಹೊಸದಾಗಿ ಬಂದಾಗ ಇದ್ದ ಬಣ್ಣನ ಒಂದು ನಾಣ್ಯದಷ್ಟು ಎಲ್ಲಾದ್ರೂ ಉಳಿಸ್ಕೊಂಡಿರ್ತಾರೆ. ಅದನ್ನ ನೋಡ್ಕೊಂಡು ನಾವು ಹೊಸದು ಬೆರೆಸ್ತೀವಿ. ನಿಮ್ಮಪ್ಪ ಅಷ್ಟು ಕೆಲಸ ತಿಳಿದೋರು, ಮರೀತಾರಾ? ಮೇಲೊಂದು ಟೇಪಾದ್ರೂ ಅಂಟಿಸಿರ್ತಾರೆ."

ಟೇಪ್!

ಬೋಲ್ಟುವಿನ ಆಡುತ್ತಿದ್ದ ಕಾಲು ಗಕ್ಕನೆ ನಿಂತಿತು.

ಇತ್ತು. ಡೈನಮೋ ಕೂರುವ ಜಾಗದ ಕೆಳಗೆ ಒಂದು ತುಂಡು ಟೇಪ್ ಇತ್ತು. "ಅಲ್ಲಿ ಕೈ ಹಾಕ್ಬೇಡ ಬೋಲ್ಟು, ಅದನ್ನ ನಾನು ನೋಡ್ಕೋತೀನಿ," ಎಂದು ಇಬ್ಬರೂ ಸೇರಿ ಎಂಜಿನ್ನಿನ ಹಳೆಯ ಬಣ್ಣ ಉಜ್ಜುತ್ತಿದ್ದಾಗ ತಾತ ಹೇಳಿದ್ದರು. ಯಾಕೆ ಎಂದು ಅವಳು ಕೇಳಲಿಲ್ಲ. ಇಕ್ಕಟ್ಟಿನ ಮೂಲೆ, ನನಗೆ ಕಷ್ಟ ಆಗುತ್ತೆ ಅಂತ ಹೇಳ್ತಿದ್ದಾರೆ ಅಂದುಕೊಂಡಳು.

ಆಮೇಲೆ ತಾತ ಆಸ್ಪತ್ರೆ ಸೇರಿದರು. ಅವರು ವಾಪಸ್ ಬರುವಷ್ಟರಲ್ಲಿ ಎಂಜಿನ್ ಫಳಫಳ ಅನ್ನಬೇಕು, ದೊಡ್ಡ ಸರ್‌ಪ್ರೈಸ್ ಕೊಡಬೇಕು ಎಂದು ಬೋಲ್ಟು ಹಟ ಹಿಡಿದು ಎರಡು ದಿನ ಉಜ್ಜಿದಳು. ಕೊನೆಗೆ ಆ ಟೇಪನ್ನೂ ಕಿತ್ತಳು. ಸೀಮೆಎಣ್ಣೆ ಹಾಕಿ, ತಂತಿ ಬ್ರಷ್ ತಗೊಂಡು, ಆ ಮೂಲೆಯನ್ನೂ ಬೆಳ್ಳಗೆ ಮಾಡಿದಳು.

ಆಸ್ಪತ್ರೆಗೆ ಹೋಗಿ ಹೆಮ್ಮೆಯಿಂದ ವರದಿ ಬೇರೆ ಒಪ್ಪಿಸಿದ್ದಳು. "ಒಂದ್ ಚೂರೂ ಬಿಟ್ಟಿಲ್ಲ ತಾತ!"

"ಟೇಪಿನ ಹತ್ರಾನೂ?"

"ಅದೂ ಫಿನಿಶ್!"

ತಾತ ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದರು. ಆಮೇಲೆ ಚರ್ಮ ಸುಲಿದ ಅವಳ ಬೆರಳುಗಳನ್ನು ಹಿಡಿದುಕೊಂಡು, "ಭೇಷ್ ಬೋಲ್ಟು," ಅಂದರು. ಅದೇ ವಾರ ಅವರು ತೀರಿಕೊಂಡರು.

"ಸಿಗದಿದ್ರೆ ಹೋಗ್ಲಿ ಬಿಡಿ," ಅಪ್ಪ ಹೇಳುತ್ತಿದ್ದರು. "ಕಪ್ಪು ಹೊಡೆದುಬಿಡಿ. ಬಾನೆಟ್ ಮುಚ್ಚಿದ್ರೆ ಯಾರಿಗೆ ಕಾಣುತ್ತೆ? ಹೀಗೇ ಬಿಟ್ರೆ ತುಕ್ಕು ತಿನ್ನುತ್ತೆ."

ಕಾಫಿ ಹಿಡಿದು ಬರುತ್ತಿದ್ದ ಅಜ್ಜಿ ಬಾಗಿಲಲ್ಲೇ ನಿಂತರು. "ಕಪ್ಪಾ? ಈ ಕಾರು ಕೊಂಡಿದ್ದೇ ಆ ಬಣ್ಣಕ್ಕೋಸ್ಕರ ಕಣೋ."

ಆ ಕತೆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ತಾತ ಹದಿನೆಂಟು ವರ್ಷದ ಹುಡುಗನಾಗಿದ್ದಾಗ ಒಬ್ಬ ಡಾಕ್ಟರ ಮನೆಯಲ್ಲಿ ಡ್ರೈವರ್ ಆಗಿ ಸೇರಿದ್ದರು. ಈ ಕಾರು ಹೊಚ್ಚ ಹೊಸದಾಗಿ ಬಂದ ದಿನ ಬಾನೆಟ್ ಎತ್ತಿ, ಎಂಜಿನ್ನಿನ ಬಣ್ಣ ನೋಡಿ, ಊಟಕ್ಕೆ ಹೋಗುವುದನ್ನೇ ಮರೆತಿದ್ದರಂತೆ. ಮುಂದೆ ಯಾರೋ ಪುಣ್ಯಾತ್ಮರು ಅದರ ಮೇಲೆ ಸಿಲ್ವರ್ ಬಳಿದರು. ಗುಜರಿಗೆ ಬಿದ್ದ ಅದೇ ಕಾರನ್ನು ತಾತ ಮುದುಕರಾದ ಮೇಲೆ ಹುಡುಕಿ ತಂದರು. "ಆ ಬಣ್ಣ ಇನ್ನೊಂದ್ಸಲ ನೋಡ್ಬೇಕು," ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು.

"ಎಂಥ ಬಣ್ಣ ಅಂತ ಹೇಳಿದ್ರಾ ಅಮ್ಮಾ?" ಬಣ್ಣದ ಮಾಮ ಕೇಳಿದರು.

"ಹಸಿರು ಅಂತಿದ್ರು. ಅಷ್ಟೇ ನಂಗೊತ್ತಿರೋದು."

ಬಣ್ಣದ ಮಾಮ ಜೇಬಿನಿಂದ ಒಂದು ಕಾರ್ಡ್ ತೆಗೆದರು. ಅದರಲ್ಲಿ ಹಸಿರೇ ಮೂವತ್ತು ಬಗೆ ಇತ್ತು. "ಶನಿವಾರ ಬರ್ತೀನಿ. ಅಷ್ಟರಲ್ಲಿ ಯೋಚನೆ ಮಾಡಿ," ಎಂದು ಅದನ್ನು ಬೆಂಚಿನ ಮೇಲಿಟ್ಟು ಹೋದರು.

ಬೋಲ್ಟು ಸ್ಟೂಲಿನಿಂದ ಇಳಿದು, ಯಾರ ಕಡೆಯೂ ನೋಡದೆ ಒಳಗೆ ಹೋದಳು.

ಮಾರನೇ ದಿನ ಡ್ರಾಯಿಂಗ್ ಪೀರಿಯಡ್ಡಿನಲ್ಲಿ ಎಲ್ಲರೂ ಹೂದಾನಿ ಬರೆದರು. ಬೋಲ್ಟು ಪುಟದ ತುಂಬ ಬರೀ ಹಸಿರು ಚುಕ್ಕೆಗಳನ್ನು ತುಂಬಿಸಿದಳು. ಕ್ರೇಯಾನ್ ಮುರಿಯಿತು. ಒಂದು ಚುಕ್ಕೆಯೂ ಸರಿಬರಲಿಲ್ಲ. ಪಕ್ಕದ ಹುಡುಗಿ ಇಣುಕಿ, "ಏನೇ ಇದು, ಬಟಾಣಿನಾ?" ಎಂದು ಕಿಸಕ್ಕೆಂದಳು. ಬೇರೆ ದಿನವಾಗಿದ್ದರೆ ಬೋಲ್ಟುವೂ ನಗುತ್ತಿದ್ದಳು.

ಶುಕ್ರವಾರ ಸಂಜೆ ಅಜ್ಜಿ ಮಂಚದ ಮೇಲೆ ತಾತನ ಅಂಗಿಗಳನ್ನು ಮಡಚುತ್ತಿದ್ದರು. ಯಾರಿಗೂ ಬೇಡದಿದ್ದರೂ ಒಗೆದು ಮಡಚಿಡುತ್ತಿದ್ದರು. ಬೋಲ್ಟು ಹೋಗಿ ಎದುರಿಗೆ ನಿಂತಳು.

"ಅಜ್ಜಿ, ಟೇಪ್ ಇತ್ತು. ನಾನೇ ಕಿತ್ತೆ. ನಾನೇ ಉಜ್ಜಿಬಿಟ್ಟೆ." ಅಳು ಬಂತು.

ಅಜ್ಜಿ ಬೆಚ್ಚಿಬೀಳಲಿಲ್ಲ. ಕೈಯಲ್ಲಿದ್ದ ಅಂಗಿಯ ತೋಳಿನಿಂದಲೇ ಅವಳ ಮುಖ ಒರೆಸಿದರು. "ನಂಗೊತ್ತು ಪುಟ್ಟಾ. ನೀನು ಹೇಳಿ ಹೋದ ದಿನಾನೇ ಅವರು ನಂಗೆ ಹೇಳಿದ್ರು."

"ಬೇಜಾರ್ ಮಾಡ್ಕೊಂಡ್ರಾ?"

ಅಜ್ಜಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ಹೂಂ. ಕಣ್ಣಲ್ಲಿ ನೀರು ಹಾಕ್ಕೊಂಡ್ರು. ಆಮೇಲೆ, ಅವಳಿಗೆ ಹೇಳ್ಬೇಡ, ಬೆರಳು ಕಿತ್ತುಹೋಗೋ ಹಾಗೆ ಕೆಲಸ ಮಾಡಿದ್ದಾಳೆ ಅಂದ್ರು." ಅಜ್ಜಿ ಒಂದು ಗುಂಡಿ ಹಾಕಿದರು, ಮತ್ತೆ ಬಿಚ್ಚಿದರು. "ಇನ್ನೊಂದು ಮಾತು ಹೇಳಿದ್ರು. ಈಗ ಆ ಬಣ್ಣ ನೋಡಿರೋರು ಇಬ್ರೇ, ನಾನು ಮತ್ತೆ ಬೋಲ್ಟು ಅಂತ."

ಬೋಲ್ಟು ಅಳು ನಿಲ್ಲಿಸಿ ಅಜ್ಜಿಯನ್ನೇ ನೋಡಿದಳು. ಇಬ್ಬರಲ್ಲಿ ಒಬ್ಬರು ಹೋಗಿಯಾಗಿತ್ತು.

ಶನಿವಾರ ಬಣ್ಣದ ಮಾಮ ಡಬ್ಬಗಳನ್ನು ಇಳಿಸುವ ಮೊದಲೇ ಬೋಲ್ಟು ಎಲ್ಲವನ್ನೂ ಹೇಳಿದಳು. ಅಪ್ಪನ ಮುಖ ಒಂದು ಕ್ಷಣ ಬಿಗಿಯಿತು. ಆಮೇಲೆ ಅಜ್ಜಿಯ ಕಡೆ ನೋಡಿ, ಸ್ಟೂಲನ್ನು ಬೋಲ್ಟುವಿನ ಹತ್ತಿರ ಎಳೆದಿಟ್ಟರು.

"ಹಾಗಾದ್ರೆ ನನ್ನ ಕಾರ್ಡ್ ನೀನೇ," ಎಂದರು ಬಣ್ಣದ ಮಾಮ. "ಬಾ, ಕೂತ್ಕೋ."

ಅವರು ಒಂದು ಹಳೆಯ ತಗಡಿನ ಮೇಲೆ ಹಸಿರು ಬೆರೆಸಿ ಬಳಿದರು. "ಇದಾ?"

"ಅಲ್ಲ. ಇಷ್ಟು ಜೋರಿಲ್ಲ."

ಬೂದು ಸೇರಿತು. ಬಿಳಿ ಸೇರಿತು. ಒಂದೊಂದಕ್ಕೂ ಒಣಗುವವರೆಗೆ ಕಾಯಬೇಕು, ಒಣಗಿದ ಮೇಲೆ ಬಣ್ಣ ಬದಲಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ತಗಡಿನ ಮೇಲೆ ಒಂಬತ್ತು ಪಟ್ಟೆಗಳಿದ್ದವು. ಒಂಬತ್ತನೆಯದು ಮಾಸಿದ, ಬೂದಿ ಬಳಿದಂಥ ಹಸಿರು.

"ಇದೇ," ಎಂದಳು ಬೋಲ್ಟು. "ಟೇಪ್ ಕಿತ್ತಾಗ ಹೀಗೇ ಇತ್ತು." ಆದರೆ ಅವಳ ದನಿಯಲ್ಲಿ ಖುಷಿ ಇರಲಿಲ್ಲ. ಇದನ್ನು ನೋಡಿ ಯಾರಾದರೂ ಊಟ ಮರೆಯುತ್ತಾರಾ?

ಬಣ್ಣದ ಮಾಮನೂ ತಲೆ ಕೆರೆದುಕೊಂಡರು. "ಕಿತ್ತಾಗ ಸರಿ. ಆಮೇಲೆ ಏನ್ ಮಾಡ್ದೆ?"

"ಸೀಮೆಎಣ್ಣೆ ಹಾಕ್ದೆ."

"ಒದ್ದೆ ಆದಾಗ ಹೇಗಿತ್ತು? ಹಳೇ ಬಣ್ಣ ಒದ್ದೆ ಆದ್ರೆ ಹೊಸದರ ಹಾಗೆ ಕಾಣುತ್ತೆ ಮಗಾ. ನೆನಪು ಮಾಡ್ಕೋ."

ಬೋಲ್ಟು ಎದ್ದು ಕಿಟಕಿಯ ಮೇಲಿದ್ದ ಸೀಮೆಎಣ್ಣೆ ಬಾಟಲಿಯ ಮುಚ್ಚಳ ತೆಗೆದಳು. ವಾಸನೆ ಮೂಗಿಗೆ ಬಡಿಯಿತು. ತಾತನ ಅಂಗಿಯ ವಾಸನೆಯೂ ಅದೇ. ಅವಳು ಕಣ್ಣು ಮುಚ್ಚಿದಳು.

ಬ್ರಷ್ ಇನ್ನೂ ತಾಗಿರಲಿಲ್ಲ. ಎಣ್ಣೆ ಹರಿದ ಕೂಡಲೇ ಆ ಮಾಸಿದ ಚುಕ್ಕೆ ತಟ್ಟನೆ ಎಚ್ಚರಗೊಂಡ ಹಾಗೆ ಆಗಿತ್ತು. ಗಾಢವಾಗಿ, ಒಳಗೆಲ್ಲೋ ನೀಲಿ ಬಚ್ಚಿಟ್ಟುಕೊಂಡು ಮಿನುಗಿತ್ತು. ಅವಳು ಒಂದು ಗಳಿಗೆ ಕೈ ತಡೆದು ನೋಡಿದ್ದಳು. ಆಮೇಲೆ ಉಜ್ಜಿದ್ದಳು.

"ಬಿಳಿ ಬೇಡ. ನೀಲಿ ಹಾಕಿ ಮಾಮ," ಎಂದಳು ಕಣ್ಣು ಮುಚ್ಚಿಕೊಂಡೇ. "ಸ್ವಲ್ಪಾನೇ. ಮೇಲೆ ಹಸಿರೇ ಕಾಣ್ಬೇಕು."

ಹನ್ನೆರಡನೆಯ ಪಟ್ಟೆ ಒಣಗಿದಾಗ ಅವಳು ಬಗ್ಗಿ ನೋಡಿದಳು. ತಗಡನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ತಾತನಿಗೆ ಕೊನೆಗೆ ಸಿಕ್ಕಿದ್ದು ಟೇಪಿನ ಕೆಳಗಿನ ಮಾಸಿದ ಚುಕ್ಕೆ ಮಾತ್ರ. ಇನ್ನೊಂದು ಸಲ ನೋಡಬೇಕು ಎಂದು ಅವರು ಕಾಯುತ್ತಿದ್ದದ್ದು ಇದನ್ನು.

"ಇದೇನಾ?" ಅಪ್ಪ ಮೆಲ್ಲಗೆ ಕೇಳಿದರು.

ಅವಳು ಹೌದೆಂದು ತಲೆಯಾಡಿಸಿದಳು.

ಆ ಮಧ್ಯಾಹ್ನ ಶೆಡ್ಡಿಗೆ ಯಾರೂ ಊಟಕ್ಕೆ ಕರೆಯಲು ಬರಲಿಲ್ಲ. ಕರೆಯಬೇಕಾಗಿದ್ದ ಅಜ್ಜಿ ಅಲ್ಲೇ ಸ್ಟೂಲಿನ ಮೇಲೆ ಕೂತು ತಗಡನ್ನೇ ನೋಡುತ್ತಿದ್ದರು.

ನಾಲ್ಕು ದಿನದ ಮೇಲೆ ಎಂಜಿನ್ನಿನ ಬಣ್ಣ ಪೂರ್ತಿ ಒಣಗಿತು. ಬೋಲ್ಟು ಸ್ಕೂಲ್ ಬ್ಯಾಗ್ ಇಳಿಸದೆ ನೇರವಾಗಿ ಶೆಡ್ಡಿಗೆ ಬಂದಳು. ತಾತನ ಡ್ರಾಯರಿನಿಂದ ಟೇಪಿನ ಸುರುಳಿ ತೆಗೆದು, ಹಲ್ಲಿನಲ್ಲಿ ಒಂದು ತುಂಡು ಕತ್ತರಿಸಿದಳು. ಡೈನಮೋ ಕೂರುವ ಜಾಗದ ಕೆಳಗೆ ಕೈ ತೂರಿಸಿ, ಹೊಸ ಬಣ್ಣದ ಮೇಲೆ ಅದನ್ನು ಅಂಟಿಸಿದಳು.

ಪೆನ್ ತೆಗೆದು ಟೇಪಿನ ಮೇಲೆ ಪುಟ್ಟ ಅಕ್ಷರದಲ್ಲಿ ಬರೆದಳು: "ಇದು ತಾತನ ಬಣ್ಣ. ಉಜ್ಜಬೇಡಿ."

ಆಮೇಲೆ ಕೈ ತೊಳೆಯಲು ಒಳಗೆ ಹೋದಳು.