ಅಳಿಸದೆ ಉಳಿದ ಗೆರೆಗಳು

ಅವಳು ರಬ್ಬರಿನಿಂದ ಹಗುರಾಗಿ ಉಜ್ಜಿದಳು. ಹಾಡಿನ ಹಾಳೆ ಹಳೆಯದು, ಜೋರು ಮಾಡಿದರೆ ಹರಿದೀತು. ಪೆನ್ಸಿಲ್ ಗೆರೆ ಮಾಸಿತು, ಅಚ್ಚಾದ ಸಾಲು ಉಳಿಯಿತು. ಪುಡಿಯನ್ನು ಉಫ್ ಎಂದು ಊದಿ, ಹಾಳೆಯನ್ನು ರೆಕಾರ್ಡಿನ ರಟ್ಟಿನೊಳಗೆ ತೂರಿಸಿ, ಮುಂದಿನದಕ್ಕೆ ಕೈ ಹಾಕಿದಳು.

ಅಂಗಡಿ ದೊಡ್ಡಮ್ಮನದು. ಹಳೆಯ ರೆಕಾರ್ಡು ಕೊಂಡು, ಒರೆಸಿ ಮಾರುವ ಕಸುಬು. ಕೆಲಸದಿಂದ ನಿವೃತ್ತರಾದ ನರ್ಸಮ್ಮ ಒಬ್ಬರು ಮನೆ ಖಾಲಿ ಮಾಡುವಾಗ ಪೆಟ್ಟಿಗೆಗಟ್ಟಲೆ ರೆಕಾರ್ಡು ಮಾರಿ ಹೋಗಿದ್ದರು. ಪ್ರತಿ ಹಾಳೆಯಲ್ಲೂ ಯಾವುದೋ ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ.

"ಎಲ್ಲಾ ಅಳಿಸಿಬಿಡು. ದುಡ್ಡು ಕೊಟ್ಟು ಬೇರೆಯವರ ನಿಟ್ಟುಸಿರು ಯಾರು ಕೊಂಡ್ಕೋತಾರೆ?" ಎಂಬುದು ದೊಡ್ಡಮ್ಮನ ಕಟ್ಟಪ್ಪಣೆ.

ಅವಳು ಅಳಿಸುತ್ತಿದ್ದಳು. ಎಲ್ಲವನ್ನೂ ಅಲ್ಲ. ಕೆಲವು ಸಾಲಿನ ಮುಂದೆ ರಬ್ಬರು ತಾನಾಗಿಯೇ ನಿಂತುಬಿಡುತ್ತಿತ್ತು. ಅಂಥ ರೆಕಾರ್ಡು ಗಲ್ಲಾದ ಪಕ್ಕದಲ್ಲಿ ಶುಕ್ರವಾರಕ್ಕೆ ಕಾಯುತ್ತಿತ್ತು.

ಶುಕ್ರವಾರ ರೆಕಾರ್ಡು ಕೊಳ್ಳಲು ಅವನು ಬರುತ್ತಿದ್ದ, ಎದುರಿನ ಸಭಾಂಗಣದಲ್ಲಿ ಸಂಗೀತ ಕಾರ್ಯಕ್ರಮಗಳಿಗೆ ಮೈಕು ಜೋಡಿಸುವವನು.

"ನಿನ್ನ ಮೈಕಪ್ಪ ಬಂದ ನೋಡೇ," ಎಂದು ದೊಡ್ಡಮ್ಮ ಚಹಾ ಕಾಸುವ ನೆಪದಲ್ಲಿ ಒಳಗೆ ಹೋದಳು.

"ನನ್ನವನಲ್ಲ," ಅಂದಳು ಅವಳು, ರಬ್ಬರಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ.

ಇವತ್ತು ಅವನ ಹೆಗಲಿಗೆ ವೈರಿನ ಸುರುಳಿ ಇರಲಿಲ್ಲ. ಕೂದಲು ಬಾಚಿಕೊಂಡಿದ್ದ. ಅಂಗಿಯ ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಂಡು ಉಸಿರಾಡಲು ಕಷ್ಟಪಡುತ್ತಿದ್ದ.

"ಉತ್ತರ ಹೇಳೋಕೆ ಬಂದೆ," ಅಂದ.

"ಪ್ರಶ್ನೆ ಯಾರು ಕೇಳಿದ್ರು?"

"ನೀವೇ."

ಅವನು ಮೂರು ಹಾಡಿನ ಹಾಳೆಗಳನ್ನು ಗಲ್ಲಾದ ಮೇಲೆ ಹರಡಿದ. ಗೆರೆ ಎಳೆದ ಸಾಲಿನ ಮೇಲೆ ಬೆರಳಿಟ್ಟ. "'ನಿನ್ನ ಹೆಜ್ಜೆಯ ಸದ್ದು ನಾ ಬಲ್ಲೆ.' ಇದನ್ನ ಓದಿದ ಮೇಲೆ ವಾರವಿಡೀ ನೆಟ್ಟಗೆ ನಡೆಯೋಕೇ ಬರ್ಲಿಲ್ಲ ನಂಗೆ. ಆಮೇಲೆ ಇದು, 'ಬಾರದ ದಿನವೂ ದೀಪ ಹಚ್ಚಿಟ್ಟೆ.' ನಾನು ಜ್ವರದಲ್ಲಿ ಮಲಗಿ ಎದ್ದು ಬಂದಾಗ ಕೊಟ್ರಿ. ಹೋದ ವಾರದ್ದು, 'ಕೇಳುವವನಿದ್ದರೆ ಹೇಳುವೆ.'" ಅವನು ತಲೆಯೆತ್ತಿ ಅವಳನ್ನು ನೋಡಿದ. "ಕೇಳ್ತೀನಿ. ಹೇಳಿ."

ಒಂದು 'ಹೂಂ' ಅಂದಿದ್ದರೆ ಸಾಕಿತ್ತು. ಅದೂ ಬೇಡ, ತಲೆ ತಗ್ಗಿಸಿ ನಿಂತಿದ್ದರೂ ಸಾಕು, ಅವನು ಅವಳವನಾಗುತ್ತಿದ್ದ. ಆದರೆ ಆ ಗೆರೆಗಳು ಅವಳವಲ್ಲ. ನರ್ಸಮ್ಮ ಯಾರನ್ನು ನೆನೆದು ಎಳೆದಿದ್ದರೋ. ಇನ್ನೊಬ್ಬರ ಗೆರೆಯ ಮೇಲೆ ಮನೆ ಕಟ್ಟಿದರೆ ಎಷ್ಟು ದಿನ ನಿಂತೀತು?

"ಗೆರೆ ಎಳೆದದ್ದು ನಾನಲ್ಲ," ಅಂದಳು. "ಈ ರೆಕಾರ್ಡು ಮಾರಿದ ನರ್ಸಮ್ಮ. ಅವ್ರು ಕೊಟ್ಟ ಎಲ್ಲದರಲ್ಲೂ ಹೀಗೇ ಇದೆ."

ಅವನ ಕಿವಿಯ ತುದಿ ಕೆಂಪಾಯಿತು.

"ನರ್ಸಮ್ಮಂಗೆ ವಯಸ್ಸೆಷ್ಟು?"

"ಎಪ್ಪತ್ತರ ಹತ್ರ."

"ಅಯ್ಯೋ ನನ್ನ ಬುದ್ಧಿಗಿಷ್ಟು! ಅಜ್ಜಿಗೆ ಮನಸ್ಸು ಕೊಟ್ಟು ಕೂತಿದ್ದೀನಾ ಹಾಗಾದ್ರೆ?" ನಗಲು ನೋಡಿದ. ನಗು ಅರ್ಧಕ್ಕೇ ನಿಂತಿತು. ಹಾಳೆಗಳನ್ನು ಒಟ್ಟುಮಾಡಿಕೊಂಡು ಹೊಸಿಲಿನವರೆಗೆ ಹೋದ.

ಬಾಯಿಗೆ ಬೀಗ ಹಾಕಿಕೊಂಡೇ ಬೆಳೆದವಳು ಅವಳು. ನೆಂಟರ ಮುಂದೆ ಹೆಸರು ಹೇಳಲೂ ತಡವರಿಸುವವಳು. ಆದರೆ ಆ ಬೆನ್ನು ಬೀದಿಗಿಳಿದರೆ ಮತ್ತೆ ಶುಕ್ರವಾರ ಬರುವುದಿಲ್ಲ ಎಂದು ಗೊತ್ತಾಯಿತು.

"ಬೇರೆಯವರಿಗೆ ಮಾರೋದ್ರಲ್ಲಿ ಅಳಿಸ್ತೀನಿ," ಅಂದಳು.

ಬೆನ್ನು ನಿಂತಿತು.

"ಎಳೆದದ್ದು ನಾನಲ್ಲ. ಅಳಿಸದೆ ಬಿಟ್ಟದ್ದು ನಾನು. ನಿಮಗೇ ಅಂತ... ಆರಿಸಿ ಆರಿಸಿ."

ಅವನು ತಿರುಗಿದ. ಮೆಲ್ಲಗೆ ಬಂದ, ಎದುರಿಗೆ ಹಕ್ಕಿ ಕೂತಿರುವಾಗ ಬರುವಂತೆ.

"ಹೆಜ್ಜೆಯ ಸದ್ದು?"

"ಗೊತ್ತು. ಎಡಗಾಲಿನ ಚಪ್ಪಲಿ ಎಳೀತೀರ."

"ದೀಪ?"

"ಅದು ಸ್ವಲ್ಪ ಅತಿಯಾಯ್ತು. ಅಂಗಡಿ ಬಾಗಿಲು ತಡವಾಗಿ ಹಾಕ್ದೆ, ಅಷ್ಟೇ."

ಈ ಸಲ ನಗು ಪೂರ್ತಿ ಬಂತು. ಕತ್ತಿನ ಗುಂಡಿ ಬಿಚ್ಚಿಕೊಂಡ. "ನಾಳೆ ಸಂಜೆ ಕಾರ್ಯಕ್ರಮ ಇದೆ. ಬರ್ತೀರಾ?"

"ಜನ ಅಂದ್ರೆ ಆಗಲ್ಲ ನಂಗೆ. ರೆಕಾರ್ಡಾದ್ರೆ ನಾವು ಕೇಳ್ತೀವಿ, ನಮ್ಮನ್ನ ಯಾರೂ ನೋಡಲ್ಲ."

"ಅಲ್ಲೂ ಅಷ್ಟೇ ರೀ. ದೀಪ ಆರಿದ್ಮೇಲೆ ಎಲ್ರ ಕಣ್ಣೂ ವೇದಿಕೆ ಮೇಲೆ. ಹಿಂದುಗಡೆ ನನ್ನ ಮೇಜಿನ ಪಕ್ಕ ಒಂದು ಸ್ಟೂಲಿದೆ. ನಿಮ್ಮನ್ನ ನೋಡೋದು ಒಬ್ಬನೇ."

"ಆ ಒಬ್ಬಂದೇ ಭಯ."

ಅವನಿಗೆಂದು ಎತ್ತಿಟ್ಟಿದ್ದ ರೆಕಾರ್ಡನ್ನು ಗ್ರಾಮಫೋನಿನ ತಟ್ಟೆಯ ಮೇಲಿಟ್ಟು ಮುಳ್ಳು ಇಳಿಸಿದಳು. ಅದರ ಹಾಳೆ ಇಬ್ಬರ ನಡುವೆ. ಹಾಡಿನ ಜೊತೆ ಅವನ ಬೆರಳು ಗೆರೆ ಎಳೆದ ಸಾಲಿನ ಈ ಕಡೆಯಿಂದ ಸರಿಯಿತು, ಅವಳ ಬೆರಳು ಆ ಕಡೆಯಿಂದ. ಪಲ್ಲವಿ ಮರಳಿ ಬರುವ ಹೊತ್ತಿಗೆ ನಡುವೆ ಒಂದೇ ಪದ ಉಳಿದಿತ್ತು. ಆಮೇಲೆ ಅದೂ ಮುಚ್ಚಿಹೋಯಿತು.

"ಸ್ಟೂಲು ಗಟ್ಟಿಯಾಗಿದೆ ತಾನೇ?" ಅಂದಳು, ಹಾಳೆಯನ್ನೇ ನೋಡುತ್ತ.

"ಇವತ್ತೇ ಮೊಳೆ ಹೊಡೀತೀನಿ."

ಹಾಡು ಮುಗಿಯಿತು. ರೆಕಾರ್ಡು ಸುಮ್ಮನೆ ಸುತ್ತುತ್ತ ಟಕ್, ಟಕ್ ಎನ್ನತೊಡಗಿತು.

ಒಳಗಿನಿಂದ ದೊಡ್ಡಮ್ಮ ಕೂಗಿದಳು: "ಯಾರಾದ್ರೂ ಆ ಮುಳ್ಳು ಎತ್ರಪ್ಪಾ!"