ಕವರಿನೊಳಗಿನ ತಾಮ್ರದ ತಗಡು

ಸಾಗರದ ಬಸ್‌ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ಸುಮನಾ ಸ್ಕ್ರೀನ್‌ಗಾರ್ಡ್ ಅಂಟಿಸುತ್ತಿದ್ದಾಗ ಎದುರು ಬಂದು ನಿಂತವನು ವಿನೋದ್. ತೀರ್ಥಹಳ್ಳಿಯಿಂದ ಅವನು ಇಲ್ಲಿಗೆ ಬರುವುದಕ್ಕೆ ಹಿಂದೆ ಇದ್ದ ಕಾರಣ ಅವಳೊಬ್ಬಳೇ. ಜಾತಿ ಬೇರೆ ಎಂದು ಅವನ ಮನೆಯವರು ಹಟ ಹಿಡಿದ ಮೇಲೆ ಅವನು ಬರುವುದೂ ನಿಂತುಹೋಗಿತ್ತು. ಅಂಟಿಸುತ್ತಿದ್ದ ಗಾಜಿನಡಿ ಗುಳ್ಳೆಯೊಂದು ಉಳಿದುಬಿಟ್ಟಿತು.

“ಏನು ಬೇಕಿತ್ತು ನಿಮಗೆ?”

“ನಿಮಗಂತೆ! ಯಾವಾಗಿಂದ ಸುಮಾ ಇದು?”

“ಗಿರಾಕಿಗಳಿಗೆಲ್ಲ ಹಾಗೇ ಹೇಳೋದು.”

ಅವನು ನಕ್ಕ. ಎಡಗೆನ್ನೆಯ ಗುಳಿ ಅಲ್ಲೇ ಇತ್ತು. ನೋಡಬಾರದೆಂದುಕೊಂಡೇ ಅವಳು ನೋಡಿದಳು.

ದುಂಡಗಿನ ವೈರ್‌ಲೆಸ್ ಚಾರ್ಜರೊಂದನ್ನು ಅವನು ಮೇಜಿನ ಮೇಲಿಟ್ಟ. “ದೀಪಶ್ರೀ ಕೊಟ್ಟಿದ್ದು. ಹೊಸನಗರದ ಹುಡುಗಿ. ಬರೋ ತಿಂಗಳು ನಮ್ಮ ಮದುವೆ. ಫೋನ್ ಇದಕ್ಕೆ ಕಚ್ಕೊಳ್ಳೋದೇ ಇಲ್ಲ, ಇಟ್ರೆ ಬಿಸಿ ಆಗ್ತದೆ. ನಾನು ಕೊಟ್ಟಿದ್ದು ನಿಮಗೆ ಬೇಡ್ವಾ ಅಂತ ಅವಳಿಗೆ ಬೇಜಾರು.”

“ತೀರ್ಥಹಳ್ಳೀಲಿ ಅಂಗಡಿ ಇಲ್ವಾ?”

ಅವನು ಫೋನನ್ನು ಅವಳತ್ತ ಸರಿಸಿದ.

ಸುಮನಾ ಫೋನಿನ ದಪ್ಪ ಕವರ್ ಬಿಚ್ಚಿದಳು. ಒಳಗಿಂದ ತಾಮ್ರದ ತಗಡೊಂದು ಜಾರಿ ಅವಳ ಅಂಗೈಗೆ ಬಿತ್ತು. ಅದರ ಮೇಲೆ ಸಿಗಂದೂರಿನ ದೇವಿ. ಸೇತುವೆ ಆಗುವ ಮೊದಲು, ಲಾಂಚಿನಲ್ಲಿ ಹಿನ್ನೀರು ದಾಟಿ ಹೋದ ದಿನ, ಗುಡಿಯ ಎದುರಿನ ಅಂಗಡಿಯಲ್ಲಿ ಇಬ್ಬರೂ ಒಂದೊಂದು ಕೊಂಡಿದ್ದರು. ಫೋನಿನ ಬೆನ್ನಿಗಿಟ್ಟರೆ ತಾಯಿ ಸದಾ ಜೊತೆಗಿರುತ್ತಾಳೆ ಎಂದವಳು ಅವಳೇ.

ಚಾರ್ಜರ್ ಕೆಟ್ಟಿದೆ ಎಂದುಬಿಟ್ಟರೆ ಸಾಕಿತ್ತು. ತಗಡು ಅವನ ಜೇಬಿನಲ್ಲಿ, ಎದೆಯ ಹತ್ತಿರ, ಹಾಗೇ ಉಳಿಯುತ್ತಿತ್ತು. ಆದರೆ ದೇವಿಯನ್ನು ಕೈಯಲ್ಲಿ ಹಿಡಿದು ಸುಳ್ಳು ಹೇಳಲು ಅವಳ ನಾಲಿಗೆ ಹೊರಳಲಿಲ್ಲ.

“ಚಾರ್ಜರಲ್ಲೂ ಫೋನಲ್ಲೂ ಒಂದೊಂದು ತಂತಿ ಸುರುಳಿ ಇರ್ತದೆ. ಎರಡೂ ಎದುರುಬದುರು ಕೂತ್ರೆ ಕರೆಂಟ್ ದಾಟ್ತದೆ. ಮ್ಯಾಗ್ನೆಟ್ ಅವನ್ನ ಸರಿ ಜಾಗಕ್ಕೆ ಎಳ್ದು ಹಿಡ್ಕೊಳ್ತದೆ, ಅಷ್ಟೆ. ನಿಮ್ಮ ಕವರಲ್ಲಿ ಮ್ಯಾಗ್ನೆಟ್ಟೇ ಇಲ್ಲ. ಮಧ್ಯ ಈ ತಾಮ್ರ ಬೇರೆ. ಇದು ಕಾಯ್ತದೆ, ಚಾರ್ಜರ್ ತಾನೇ ನಿಂತುಬಿಡ್ತದೆ.”

“ತಗಡೂ ಇದ್ದು ಚಾರ್ಜೂ ಆಗೋ ಹಾಗೆ ಇಡಕ್ಕಾಗಲ್ವಾ?”

“ಇಲ್ಲ ಕಣೋ.”

ಬಾಯಿತಪ್ಪಿ ಬಂದ ಆ ಹಳೆಯ ಸಲಿಗೆಗೆ ಇಬ್ಬರೂ ತಲೆ ತಗ್ಗಿಸಿದರು.

“ಮನೆಯವರ ಎದುರು ಆವತ್ತು ನಾನೊಂದು ಮಾತು ಆಡ್ಬೇಕಿತ್ತು ಸುಮಾ. ಈಗ್ಲೂ ನೀನು ಹೂಂ ಅಂದ್ರೆ...”

“ಆ ಹುಡುಗಿ ಮುಖ ನೋಡಿ ಏನು ಹೇಳ್ತೀಯ?”

ಅವನು ಆವತ್ತಿನಂತೆಯೇ ಸುಮ್ಮನಾದ.

ಒಳಗೆ ಮ್ಯಾಗ್ನೆಟ್ಟಿನ ಬಳೆಯಿರುವ ಹೊಸ ಕವರ್ ಹಾಕಿ, ಚಾರ್ಜರನ್ನು ಪ್ಲಗ್ಗಿಗೆ ಚುಚ್ಚಿ, ಅವಳು ಫೋನನ್ನು ಅದರ ಬಳಿಗೆ ತಂದಳು. ಅದು ಟಕ್ಕನೆ ಹೋಗಿ ಕೂತಿತು. ಪರದೆಯಲ್ಲಿ ಹಸಿರು ಬೆಳಕು ಮೂಡಿತು.

“ಚಾರ್ಜರ್ ಚೆನ್ನಾಗಿದೆ ಅಂತ ಅವರಿಗೆ ಹೇಳಿ.”

ಅವನು ತಗಡನ್ನು ಮೇಜಿನ ಮೇಲೇ ಬಿಟ್ಟು ಹೋದ ಮೇಲೆ ಸುಮನಾ ಅದನ್ನು ಕಣ್ಣಿಗೊತ್ತಿಕೊಂಡಳು. ತನ್ನ ಹಳೆಯ ಫೋನಿನ ಕವರ್ ಬಿಚ್ಚಿ, ಅಲ್ಲಿದ್ದ ತನ್ನದರ ಪಕ್ಕ ಅದನ್ನೂ ಇಟ್ಟು ಮುಚ್ಚಿದಳು. ಅವಳ ಫೋನಿಗೆ ವೈರಿನಿಂದಲೇ ಚಾರ್ಜು. ಎರಡು ತಗಡಿದ್ದರೂ ಅದಕ್ಕೇನೂ ಅಡ್ಡಿಯಿರಲಿಲ್ಲ.