ತೆಗೆದಿಟ್ಟ ಚಸ್ಮಾ

"ನಂಬರ್ ಇನ್ನೂ ಏರೈತಿ ನೋಡವಾ. ಈಗ ಕೆಳಗಿನ ಸಾಲು ಓದು," ಎನ್ನುತ್ತ ನಜೀರಸಾಬರು ಪರೀಕ್ಷೆಯ ಫ್ರೇಮಿಗೆ ಇನ್ನೊಂದು ಗಾಜು ಸೇರಿಸಿದರು.

ಸುರೇಖಾ ಓದಲಿಲ್ಲ. ಅಕ್ಷರದ ಹಲಗೆಯ ಕೆಳಗಿನ ಬೆಂಚಿನಲ್ಲಿ ಕುಳಿತ ಯುವಕನೊಬ್ಬ ಅವಳನ್ನೇ ನೋಡುತ್ತಿದ್ದ. ಇಷ್ಟು ಹೊತ್ತು ಬರೀ ಮಬ್ಬಾಗಿದ್ದವನ ಮುಖ ಒಮ್ಮೆಲೇ ಸ್ಪಷ್ಟವಾಯಿತು. ಅವನ ಎಡಗಣ್ಣು ಪೂರ್ತಿ ಬೆಳ್ಳಗಾಗಿತ್ತು.

ಯಾರಿವನು? ಯಾಕಿಷ್ಟು ನೋವಿನಿಂದ ನೋಡುತ್ತಿದ್ದಾನೆ?

"ನಿಮಗ ಅವತ್ತೂ ಚಸ್ಮಾ ಇತ್ತೇನ್ರಿ?"

ಆ ದನಿ! ಹೋದ ವರ್ಷ ಕನ್ಯೆ ನೋಡಲು ಬಂದು, "ಎಲ್ಲಿತನಕ ಓದೀರಿ?" ಎಂದು ಕೇಳಿದ್ದ ಗಿಣಿಗೇರಾದ ಪಂಪಾಪತಿ! ಅವನ ಮುಖವನ್ನು ಮಾತ್ರ ಅವಳು ಕಂಡಿರಲೇ ಇಲ್ಲ. ಚಸ್ಮಾದ ಹುಡುಗಿಯನ್ನು ಯಾರೂ ಒಪ್ಪುವುದಿಲ್ಲವೆಂದು ಚಿಗವ್ವ ಹೊಳಿಯಮ್ಮ ಅವತ್ತು ಅದನ್ನು ಕಿತ್ತು ಬಚ್ಚಿಟ್ಟಿದ್ದಳು. ಆಮೇಲೆ ಬಂದ ಸುದ್ದಿ ಒಂದೇ... ಗಂಡಿನವರು ಬೇಡ ಅಂದರು.

ಎಷ್ಟು ಸಲ ಕನ್ನಡಿಯ ಮುಂದೆ ನಿಂತು ಅತ್ತಿದ್ದಳೋ!

"ಬ್ಯಾಡ ಅಂದವ್ರು ನೀವು. ಈಗ್ಯಾಕ ಕೇಳ್ತೀರಿ?"

"ಹೊಂಟಾಗ ಬಾಗಿಲದಾಗ ನಿಂತು ನಿಮ್ಮನ್ನ ನೋಡಿ ನಕ್ಕೆ. ಒಪ್ಪಿಗಿ ಐತೇನು ಅಂತ ಕಣ್ಣಾಗ ಕೇಳಿದೆ. ನೀವು ಗ್ವಾಡಿ ನೋಡಿದಂಗ ನೋಡಿ ಮಾರಿ ತಿರುವಿದ್ರಿ. ಮನಸ್ಸಿಲ್ಲದ ಹುಡುಗಿನ್ನ ಕಾಡಬಾರದು ಅಂತ ನಾನ ನಮ್ಮಪ್ಪಗ ಬ್ಯಾಡ ಅಂದೆ."

"ನನಗ ಬಾಗಿಲದಾಗ ಬರೇ ಬೆಳಕು ಕಂಡಿತ್ರಿ..." ಅವಳ ಕಣ್ಣು ತುಂಬಿತು.

ಅತ್ತ ಫ್ರೇಮು ಆರಿಸುತ್ತಿದ್ದ ಹೊಳಿಯಮ್ಮ ಇದಾವುದನ್ನೂ ಕೇಳಿರಲಿಲ್ಲ. "ಸುರೇಖಾ, ಈ ತೆಳ್ಳಂದು ತಗೋ. ಮೂಗಿನ ಮ್ಯಾಲೆ ಗುರುತು ಬೀಳಂಗಿಲ್ಲ. ಐತವಾರ ಹಿಟ್ನಾಳದವರು ನಿನ್ನ ನೋಡಾಕ ಬಂದಾಗ ತೆಗೆದಿಟ್ರ ಯಾರಿಗೂ ಗೊತ್ತಾಗಂಗಿಲ್ಲ!"

"ಸಾಬ್ರ, ಆ ಕರೇದು ಕೊಡ್ರಿ. ದಪ್ಪಂದು. ಓಣಿ ತುದಿಯಿಂದ್ಲೂ ಕಾಣಬೇಕು."

"ಹುಚ್ಚಿ! ಮಾಸ್ತರಿಣಿ ಕಂಡಂಗ ಕಾಣ್ತಿ!"

"ಕಾಣಲಿ ಬಿಡು ಚಿಗವ್ವ. ನಾ ಇನ್ನ ತೆಗೆಯಂಗಿಲ್ಲ."

ಪಂಪಾಪತಿ ತಲೆ ತಗ್ಗಿಸಿ ಎದ್ದ. "ಆಮ್ಯಾಲೆ ವೆಲ್ಡಿಂಗ್ ಮಾಡುವಾಗ ಕಿಡಿ ಸಿಡಿದು ಈ ಕಣ್ಣು ಹೋತ್ರಿ. ಉಳಿದದ್ದಕ್ಕ ಚಸ್ಮಾ ಮಾಡಿಸಾಕ ಬಂದೀನಿ. ಹಿಟ್ನಾಳದವರು ಛಲೋ ಮಂದಿ ಇರಬೇಕು... ಹೂಂ ಅನ್ರಿ."

ನನ್ನನ್ನು ನೋಡಿ ನಕ್ಕ ಆ ಎರಡು ಕಣ್ಣುಗಳನ್ನು ಇನ್ನೆಂದೂ ನೋಡಲಾರೆ! ಸುರೇಖಾಳಿಗೆ ದುಃಖ ಒತ್ತಿ ಬಂತು. ಆದರೂ ಎದ್ದು ಅವನ ದಾರಿಗೆ ಅಡ್ಡ ನಿಂತಳು.

"ಅವತ್ತ ಬಾಗಿಲದಾಗ ನೀವು ಕೇಳಿದ್ದಕ್ಕ ನಾ ಇನ್ನೂ ಉತ್ತರ ಕೊಟ್ಟಿಲ್ಲಲ್ರಿ."

ಹೊಳಿಯಮ್ಮನಿಗೆ ಈಗ ಅವನ ಗುರುತು ಹತ್ತಿತು. ಅವಳು ಕೈಯಲ್ಲಿದ್ದ ಫ್ರೇಮನ್ನು ಮೆಲ್ಲಗೆ ಗಾಜಿನ ಪೆಟ್ಟಿಗೆಗೆ ಮರಳಿಸಿದಳು.

"ಕನಿಕರಕ್ಕ ಹೂಂ ಅನಬ್ಯಾಡ್ರಿ," ಎಂದ ಅವನು.

"ಕನಿಕರ ಅಲ್ರಿ. ಅವತ್ತ ಬರೇ ದನಿ ಕೇಳಿ ಒಪ್ಪಿದ್ದೆ. ಮಾರಿ ಇವತ್ತ ನೋಡಿದೆ."

"ಹೆಂಗೈತ್ರಿ ಮಾರಿ?"

"ಭಾಳ ಸೊರಗೀರಿ... ಹೊತ್ತಿಗೆ ಸರಿಯಾಗಿ ಉಣ್ಣಂಗಿಲ್ಲೇನು?"